ಮಗಳಿಗೆ ಅಂತ ತಂದ ಪ್ಯಾಡು

ನನಗ ಮಗಳಿಲ್ಲ. ಮಗನೂ ಇಲ್ಲ. ಈ ಮಾತು ಮೊದಲೇ ಹೇಳಿಬಿಡತೀನಿ, ಯಾಕಂದ್ರ ಸೇಡಂದಾಗ, ಚಿತ್ತಾಪುರದಾಗ, ಶಹಾಬಾದದಾಗ ಕೆಲವು ಅಂಗಡಿಯವರಿಗೆ ಇದನ್ನ ಹೇಳಿದ್ರ ನಂಬಂಗಿಲ್ಲ. ಅವರ ಪ್ರಕಾರ ನನಗ ಒಬ್ಬಾಕಿ ಮಗಳಿದ್ದಾಳ. ಓದಾಕಿ, ಭಾಳ ನಾಚಿಕಿ ಸ್ವಭಾವದಾಕಿ, ತನಗ ಬೇಕಾದ್ದು ತರಲಿಕ್ಕೆ ತಾನು ಬರಂಗಿಲ್ಲ, ಅವ್ವನ್ನ ಕಳಸತಾಳ. ಆ ಮಗಳನ್ನ ನಾ ಹಡದಿದ್ದು ಒಂದು ಮೆಡಿಕಲ್ ಅಂಗಡಿ ಕಟ್ಟಿ ಮುಂದ ನಿಂತು, ಐವತ್ತು ದಾಟಿದ ಮ್ಯಾಲ.

ನಾ ವಾಡಿಯಾಗ ಬ್ಲೌಸ್ ಹೊಲಿಯಾಕಿ. ಗಂಡ ಫರ್ಸಿ ಕಲ್ಲಿನ ಲಾರಿ ನಡಸತಿದ್ದ, ತೀರಿಹೋಗಿ ಭಾಳ ವರ್ಷ ಆತು. ಅವ ಹೋದ ಮ್ಯಾಲ ಸ್ಟೇಷನ್ ಹಿಂದಿನ ಓಣ್ಯಾಗ ಒಂದು ಖೋಲಿ ಬಾಡಿಗಿ ಹಿಡದೆ. ಕಿಟಕಿ ಕಡೆ ಮಶೀನು, ಒಂದು ಕಾಟು, ಗ್ವಾಡ್ಯಾಗ ದೇವರ ಮಾಡ, ಅಷ್ಟೇ ಸಂಸಾರ. ನಳ, ಬಚ್ಚಲ, ಬಟ್ಟಿ ಒಣಗಹಾಕೋ ಹಗ್ಗ ಎಲ್ಲಾ ಮಾಲಕರ ಮನಿ ಸಂಗಟ ಕೂಡೇ ಅವ. ಮಾಲಕರ ತಾಯಿಗೆ ಓಣಿಯವರೆಲ್ಲಾ ಆಯಿ ಅಂತೀವಿ. ಆಯಿ ಬೆಳಗಿನಿಂದ ಸಂಜಿತನ ಅಂಗಳದ ಕಟ್ಟಿ ಮ್ಯಾಲ ಕುಂತಿರತಾಳ. ಯಾರು ಬಂದ್ರು, ಯಾರು ಹೋದ್ರು, ಹಗ್ಗದ ಮ್ಯಾಲ ಯಾರದು ಏನು ಒಣಗಲಿಕತ್ತದ, ಎಲ್ಲಾ ಬೇಕು ಆಕಿಗೆ. ಕೆಟ್ಟಾಕಿ ಅಲ್ಲ. ಹೊತ್ತು ಹೋಗಬೇಕಲ್ಲ.

ತಿಂಗಳದ್ದು ನಿಂತಾಗ ನಾ ಖುಷಿ ಪಟ್ಟಾಕಿ. ಖರೇ ಹೇಳತೀನಿ, ಜಾಸ್ತಿ ಸಕ್ಕರಿ ಹಾಕಿ ಒಂದು ಕಪ್ ಚಹಾ ಮಾಡ್ಕೊಂಡು ಕುಡದಿದ್ದೆ. ಸಣ್ಣಾಕಿದ್ದಾಗಿಂದ ಬೆನ್ನಿಗೆ ಹತ್ತಿದ ಕಾಟ ಒಂದು ಕಳೀತಲ್ಲ ಅಂತ. ಅದಾಗಿ ಕೆಲವು ವರ್ಷ ಸುಮ್ಮಿತ್ತು. ಆಮ್ಯಾಲ ಒಂದು ಮದುವಿ ಸೀಜನ್ನಿನಾಗ, ಮಧ್ಯಾಹ್ನ ಮಶೀನ್ ತುಳಿಯಲಿಕತ್ತಿದ್ದೆ, ಒಮ್ಮಿಗಲೇ ಗೊತ್ತಾತು. ಹೆಣ್ಣಿಗೆ ಅದು ಗೊತ್ತಾಗಲಿಕ್ಕ ನೋಡಬೇಕಂತಿಲ್ಲ. ಎದ್ದು ನೋಡಿದ್ರ ಸ್ಟೂಲಿನ ಮ್ಯಾಲ ಹಾಕಿದ್ದ ದಿಂಬಿಗೆ ರಕ್ತ ಹತ್ತ್ಯಾದ. ಕೈಯಾಗ ಯಾರದೋ ಮದುಮಗಳ ಬ್ಲೌಸಿತ್ತು. ಅದಕ್ಕ ಹತ್ತಬಾರದು ಅಂತ ಎತ್ತಿ ಹಿಡಕೊಂಡು ಹಂಗೇ ನಿಂತುಬಿಟ್ಟೆ. ಆ ಹೊತ್ತಿಗೆ ನನಗ ನೆನಪಾದಾಕಿ ನನ್ನ ದೊಡ್ಡವ್ವ.

ನನ್ನ ತವರು ಚಿಂಚೋಳಿ ಕಡೀದು, ತೆಲಂಗಾಣದ ಗಡಿಗೆ ಹತ್ತಿದ ಹಳ್ಳಿ. ದೊಡ್ಡವ್ವ ಅಂದ್ರ ನಮ್ಮಪ್ಪನ ಅಣ್ಣನ ಹೇಣ್ತಿ, ಒಂದೇ ಮನ್ಯಾಗ ಇದ್ವಿ. ನಮ್ಮ ಮನ್ಯಾಗ ಮುಟ್ಟಾದಾಕಿ ದನದ ಕೊಟ್ಟಿಗಿ ಬಾಜೂಕ ಒಂದು ಛಪ್ಪರದಾಗ ಕುಂದ್ರಬೇಕು. ಬ್ಯಾರೆ ತಾಟು, ಬ್ಯಾರೆ ತಂಬಿಗಿ, ಮಲಗಲಿಕ್ಕ ಒಂದು ಗೋಣಿಚೀಲ. ನಿಂತ ಮ್ಯಾಲ ತಲಿಗೆ ನೀರು ಹಾಕ್ಕೊಂಡು ಒಳಗ ಬರಬೇಕು. ನಾ ದೊಡ್ಡಾಕಿ ಆದಾಗ ಹಳೀ ಸೀರಿ ಹರದು ಹ್ಯಾಂಗ ಮಡಚಬೇಕು, ಹ್ಯಾಂಗ ಕಟ್ಟಬೇಕು ಅಂತ ತೋರಿಸಿದಾಕಿ ದೊಡ್ಡವ್ವನೇ. ಒಗದ ಬಟ್ಟಿ ಗಂಡಸರ ಕಣ್ಣಿಗೆ ಬೀಳಬಾರದು, ಹಾವಿನ ಕಣ್ಣಿಗಂತೂ ಬೀಳಲೇಬಾರದು, ಬಿದ್ರ ಮಕ್ಕಳಾಗಂಗಿಲ್ಲ ಅಂತ ಹೇಳತಿದ್ದಳು. ಅದಕ್ಕ ನಾವು ಆ ಬಟ್ಟಿಗೋಳನ್ನ ಕೊಟ್ಟಿಗಿ ಹಿಂದ ಕಲ್ಲಿನ ಗ್ವಾಡಿ ಸಂದ್ಯಾಗ ತುರುಕತಿದ್ವಿ. ಬಿಸಲು ಅಲ್ಲಿಗೆ ಬರತಿದ್ದಿಲ್ಲ. ಹಸೀದು ಹಸೀದೇ ಮತ್ತ ಕಟ್ಟಿಕೊಳ್ಳೋದು. ಹಾವಿಗೆ ಏನಾಗತಿತ್ತೋ ನನಗ ಗೊತ್ತಿಲ್ಲ, ನಮಗಂತೂ ತೊಡಿಸಂದ್ಯಾಗ ಹುಣ್ಣಾಗಿ ಸಾಲಿಗೆ ಕಾಲು ಅಗಲ ಮಾಡ್ಕೊಂಡು ನಡೀತಿದ್ವಿ.

ದೊಡ್ಡವ್ವಗ ನಿಂತು ಎಷ್ಟೋ ವರ್ಷ ಆಗಿತ್ತು. ಒಂದಿನ ತಾನಾಗಿ ತಾಟು ತಂಬಿಗಿ ತಗೊಂಡು ಛಪ್ಪರಕ್ಕ ಹೋಗಿ ಕುಂತ್ಲು. ಮನ್ಯಾಗ ಎಲ್ಲಾರೂ ನಕ್ಕರು. "ಮುದುಕಿಗೆ ಮತ್ತ ಹರೇ ಬಂದದ ನೋಡ್ರಿ" ಅಂತ ನಮ್ಮ ಸೋದರತ್ತಿ ನೀರು ತರೋ ಮಂದಿಗೆಲ್ಲಾ ಹೇಳಿದ್ಲು. ದೊಡ್ಡವ್ವನೂ ನಕ್ಕಳು, ನನಗ ನೆನಪದ. ನಿಂತ ಮ್ಯಾಲ ಒಳಗ ಬರೋದು ರೀತಿ. ಆಕೀದು ನಿಲ್ಲಲೇ ಇಲ್ಲ. ನಿಲ್ಲದಿದ್ರ ನೀರು ಹಾಕ್ಕೊಳ್ಳಂಗಿಲ್ಲ, ನೀರು ಹಾಕ್ಕೊಳ್ಳದಿದ್ರ ಹೊಸ್ತಿಲಾ ದಾಟಂಗಿಲ್ಲ. ಹೊರಗ ಬಾ ಅಂತ ಆಕಿಗೆ ಯಾರೂ ಹೇಳಿದ್ದಿಲ್ಲ, ಒಳಗ ಬಾ ಅಂತ ಕರೀಲಿಕ್ಕೂ ಯಾರಿಗೂ ಧೈರ್ಯ ಆಗಲಿಲ್ಲ. ಜ್ವಾಳದ ರಾಶಿ ಮುಗಿಯೋದ್ರಾಗ ಆಕಿ ಅಲ್ಲೇ, ಆ ಗೋಣಿಚೀಲದ ಮ್ಯಾಲೇ ಜೀವ ಬಿಟ್ಟಳು.

ಹಂಗಾಗಿ ನನಗ ಗೊತ್ತಿತ್ತು. ಗೊತ್ತಿಲ್ಲದೇ ಸುಮ್ಮ ಕುಂತೆ ಅಂತ ಸುಳ್ಳು ಹೇಳಂಗಿಲ್ಲ. ನಿಂತ ಮ್ಯಾಲ ಮತ್ತ ಬಂದ್ರ ಅದು ಮುಟ್ಟಲ್ಲ, ಬ್ಯಾರೆ ಏನೋ, ಜೀವಕ್ಕ ಬಂದದ್ದು ಅಂತ ದೊಡ್ಡವ್ವನ ಹೆಣ ನೋಡಿದ ದಿನವೇ ನನ್ನ ಹೊಟ್ಟ್ಯಾಗ ಕುಂತಿತ್ತು. ಮತ್ತ ದವಾಖಾನಿಗೆ ಯಾಕ ಹೋಗಲಿಲ್ಲ ಅಂತ ಕೇಳತೀರಿ. ಕೇಳ್ರಿ. ಎಲ್ಲಾರೂ ಆಮ್ಯಾಲ ಅದನ್ನೇ ಕೇಳಿದ್ರು.

ಹಿಂದೊಮ್ಮೆ ಜ್ವರ ಬಂದು ಸಲೈನ್ ಹಚ್ಚಿಸಿಕೊಳ್ಳಲಿಕ್ಕ ಹೋಗಿದ್ದೆ. ಅಲ್ಲಿ ಮೊದಲನೇ ಮಾತೇ, "ಸಂಗಟ ಯಾರು ಬಂದೀರಿ?" ಯಾರೂ ಇಲ್ಲ ಅಂದೆ. "ಯಾರರೇ ಇರತಾರಲ್ಲ, ಫೋನ್ ಹಚ್ಚಿ ಕರೀರಿ" ಅಂದ್ರು. ಫೋನ್ ತೆಗೆದು ನೋಡತಾ ಕುಂತೆ. ಅದರಾಗ ಇದ್ದವರೆಲ್ಲಾ ಗಿರಾಕಿಗಳು. ಬ್ಲೌಸ್ ಆತೇನ್ರಿ, ತೋಳು ಉದ್ದ ಇಡ್ರಿ, ಬೆನ್ನಿಗೆ ಲಾಡಿ ಬ್ಯಾಡ್ರಿ ಅಂತ ಕೇಳೋ ಮಂದಿ. ಸಲೈನ್ ಹನಿ ಹನಿ ಇಳಿಯಲಿಕತ್ತಿತ್ತು, ಬಾಜೂಕಿನ ಕಾಟಿನ ಮ್ಯಾಲ ಮಲಗಿದ್ದಾಕಿಗೆ ನಾಲ್ಕು ಮಂದಿ ಸುತ್ತ ನಿಂತು ಮೋಸಂಬಿ ಸುಲದು ಕೊಡಲಿಕತ್ತಿದ್ರು. ನನಗ ರಕ್ತಕ್ಕಿಂತ ಆ ಪ್ರಶ್ನಿದೇ ಅಂಜಿಕಿ. ಇನ್ನೊಮ್ಮೆ ಆ ಬಾಗಲಾದಾಗ ನಿಂತು ಯಾರೂ ಇಲ್ಲ ಅಂತ ಹೇಳೋದು ನನ್ನ ಕಡಿಂದ ಆಗಂಗಿಲ್ಲ ಅನಸತಿತ್ತು. ಇಷ್ಟೇ ನೋಡ್ರಿ ಕಾರಣ. ದಡ್ಡತನ ಅಂತೀರಿ, ಅನ್ರಿ.

ಸುರುವಿಗೆ ಚಿಂದಿ ಹಾಕ್ಕೊಂಡೆ. ಹೊಲಿಯಾಕಿ ಮನ್ಯಾಗ ಚಿಂದಿಗೇನು ಬರ? ಆದ್ರ ಈಗಿನ ಲೈನಿಂಗ್ ಬಟ್ಟಿ ಹನಿ ನೀರೂ ಕುಡಿಯಂಗಿಲ್ಲ, ಜಾರತದ. ಹಳೀ ಕಾಟನ್ ಸೀರಿ ಹರದೆ. ಒಗದು ಹಾಕೋದೆಲ್ಲಿ? ಹಗ್ಗದ ಮ್ಯಾಲ ಹಾಕಿದ್ರ ಆಯಿ ಕಣ್ಣು. ನಿಂತ ಹೆಂಗಸು, ಅದರಾಗೂ ಗಂಡ ಇಲ್ಲದಾಕಿ, ಆಕಿ ಹಗ್ಗದ ಮ್ಯಾಲ ಆ ಬಟ್ಟಿ ಕಂಡ್ರ ಓಣಿ ಮಂದಿ ಏನೇನು ಕಥಿ ಕಟ್ಟತಾರ ಅಂತ ನಿಮಗ ಬಿಡಿಸಿ ಹೇಳಬೇಕೇನು? ಕಾಟಿನ ಕೆಳಗ ಹಾಸಿದೆ. ಮಳಿಗಾಲ, ಒಣಗಲಿಲ್ಲ, ಖೋಲಿ ತುಂಬ ವಾಸನಿ. ಮತ್ತ ಅದೇ ಕೆರತ, ಅದೇ ಹುಣ್ಣು. ಸಾಲಿ ಹುಡುಗಿ ಇದ್ದಾಗಿನ ನಡಿಗಿ ಐವತ್ತರ ಮ್ಯಾಲ ಮರಳಿ ಬಂತು. ಕನ್ನಡಿ ಮುಂದ ನಿಂತು ನನಗ ನಾನೇ ಬೈಕೊಂಡೆ, ಊರ ಮಂದಿ ಅಳತಿ ತಗೋತಿ, ನಿನ್ನ ಮೈ ಮ್ಯಾಲೆ ನಿನಗ ಖಬರಿಲ್ಲ ಅಂತ.

ಪ್ಯಾಡ್ ತರಬೇಕು ಅಂತ ಆತು. ವಾಡಿಯಾಗ ಆಗಂಗಿಲ್ಲ, ಮೆಡಿಕಲ್ ಅಂಗಡಿಯವನ ಹೇಣ್ತಿ ನನ್ನ ಹತ್ತಿರವೇ ಬ್ಲೌಸ್ ಹೊಲಸತಾಳ. ಸೇಡಂಗ ಲೈನಿಂಗ್ ತರಲಿಕ್ಕ ಹೋದಾಗ ಒಂದು ಅಂಗಡಿ ಮುಂದ ನಿಂತೆ. ಮಂದಿ ಹೋಗಲಿ ಅಂತ ಕಾದೆ. ಜ್ವರದ ಗೋಳಿ ಕೇಳಿದೆ, ಮುಲಾಮು ಕೇಳಿದೆ, ಆಮ್ಯಾಲ ಕಪಾಟಿನ ಕಡೆ ಬೊಟ್ಟು ಮಾಡಿದೆ. ಆ ಹುಡುಗ, ಮೀಸಿ ಚಿಗುರಿದವ, ನನ್ನ ಅರ್ಧ ಬೆಳ್ಳಗಾದ ತಲಿ ನೋಡಿದ, ಬೋಳು ಹಣಿ ನೋಡಿದ, ತಾನೇ ಒಂದು ಹಾದಿ ತೆಗೆದುಕೊಟ್ಟ. "ಮಗಳಿಗೇನ್ರಿ ಅಮ್ಮಾ?"

"ಹೂಂ, ಮಗಳಿಗೆ."

ಅವ ಪ್ಯಾಕೆಟ್ ಪೇಪರಿನಾಗ ಸುತ್ತಿದ, ಅದರ ಮ್ಯಾಲ ಕರೀ ಕವರ್ ಹಾಕಿದ, ದಾರ ಒಂದು ಕಟ್ಟಲಿಲ್ಲ. ಕದ್ದ ಮಾಲೂ ಇಷ್ಟು ಜ್ವಾಕಿಲೆ ಕಟ್ಟಂಗಿಲ್ಲ. ನಾ ಸ್ಟೇಷನ್ನಿಗೆ ಬರೋದ್ರಾಗ ಮಗಳು ಹೈಸ್ಕೂಲಿಗೆ ಹೋಗಲಿಕತ್ತಿದ್ದಳು.

ಒಂದೇ ಅಂಗಡಿಗೆ ಮ್ಯಾಲಿಂದ ಮ್ಯಾಲ ಹೋದ್ರ ಸಂಶಯ ಬರತದ. ಮುಂದಿನ ಸರ್ತಿ ಚಿತ್ತಾಪುರಕ್ಕ ಹೋದೆ, ಕೋರ್ಟಿನ ಕಡೆ ಒಂದು ಅಂಗಡಿ. ಅಲ್ಲಿ ಕುಂತಿದ್ದ ಹೆಣ್ಣಮಗಳು ಮಾತಿನ ಮಲ್ಲಿ, "ಮಗಳು ಏನು ಓದಲಿಕತ್ತಾಳ್ರಿ?" ಅಂದ್ಲು. ಪಿಯುಸಿ ಅಂದೆ. ಸೈನ್ಸಾ ಆರ್ಟ್ಸಾ ಅಂದ್ಲು. ನಮ್ಮ ಮನಿತನದಾಗ ಯಾರೂ ಸೈನ್ಸ್ ಓದಿದ್ದಿಲ್ಲ, ಇರಲಿ ಅಂತ ಸೈನ್ಸ್ ಅಂದೆ. ಶಹಾಬಾದಕ್ಕ ಹೋಗೋ ಹೊತ್ತಿಗೆ ಡಿಗ್ರಿಗೆ ಬಂದಿದ್ದಳು. ಯಾರ ಮಕ್ಕಳು ಇಷ್ಟು ಜಲ್ದಿ ಬೆಳೀತಾವ ಹೇಳ್ರಿ.

ನಗಬ್ಯಾಡ್ರಿ, ಆ ಹುಡುಗಿ ಮ್ಯಾಲ ನನಗ ಮಾಯಾ ಮಮತಿ ಹತ್ತಿತು. ಗಾಡ್ಯಾಗ ಕಿಟಕಿ ಬಾಜೂಕ ಕುಂತು ಆಕಿ ಬಗ್ಗೆ ಯೋಚನಿ ಮಾಡತಿದ್ದೆ. ಬದನಿಕಾಯಿ ಪಲ್ಯಾ ಸೇರತದ, ಪುಂಡಿಪಲ್ಯಾ ಸೇರಂಗಿಲ್ಲ. ನನ್ನಂಗೇ ಸಿಟ್ಟಿನಾಕಿ. ಸಂಜಿಗೆ ಬಂದು ಖೋಲಿ ಕೀಲಿ ತೆಗೆದಾಗ ಮಾತ್ರ ಕತ್ತಲಿ ಒಂದೇ ಇರತಿತ್ತು. ರೊಟ್ಟಿ ಬಡೀಲಿಕ್ಕ ಮನಸಾಗತಿದ್ದಿಲ್ಲ, ಒಬ್ಬಾಕಿ ಸಲುವಾಗಿ ಎಷ್ಟಂತ ಹಂಚು ಕಾಯಿಸೋದು. ಮಂಡಕ್ಕಿ ತಿಂದು ನೀರು ಕುಡದು ಮಲಗತಿದ್ದೆ.

ಹಾಕ್ಕೊಂಡ ಪ್ಯಾಡ್ ಚೆಲ್ಲೋದು ಇನ್ನೊಂದು ಫಜೀತಿ. ಸುಡಬಾರದು ಅಂತ ದೊಡ್ಡವ್ವ ಹೇಳಿದ್ದು ತಲ್ಯಾಗದ. ಹೂಳಬೇಕಂದ್ರ ನಮ್ಮ ಕಡೆ ಮಣ್ಣೆಲ್ಲದ, ಗೇಣು ಅಗದ್ರ ಫರ್ಸಿ. ಕಸದ ಗಾಡಿಗೆ ಹಾಕಿದ್ರ ನಾಯಿ ಎಳದು ಆಯಿ ಮುಂದೇ ತಂದು ಹಾಕತಾವ. ಪೇಪರಿನಾಗ ಸುತ್ತಿ, ಊಟದ ಡಬ್ಬಿ ಚೀಲದಾಗ ಇಟ್ಕೊಂಡು, ಊರೂರು ಸ್ಟೇಷನ್ನಿನ ಕಸದ ಡಬ್ಬಿ ಹುಡುಕಿ ಹಾಕತಿದ್ದೆ. ಹಾಕಲಿಕ್ಕ ಜಾಗಾ ಇಲ್ಲ ಅಂತ ಬೆಳಿಗ್ಗಿ ಹಾಕ್ಕೊಂಡಿದ್ದು ಸಂಜಿತನಾ ಹಂಗೇ. ಅದರಾಗ ಹೂವಿನ ವಾಸನಿ ಬ್ಯಾರೆ ಹಾಕಿರತಾರ, ಯಾವ ಹೂವು ಅಂತ ನನಗ ಇವತ್ತಿನತನಾ ತಿಳೀಲಿಲ್ಲ. ಮೈ ಉರೀತಿತ್ತು. ಮೆಟ್ಟಲಾ ಹತ್ತಿದ್ರ ಎದಿ ಡವಡವ, ಕಣ್ಣಿಗೆ ಕತ್ತಲಿ.

ದೇವರ ಮುಂದ ದೀಪ ಹಚ್ಚೋದು ಬಿಟ್ಟೆ. ಯಾರೂ ಬಿಡು ಅಂದಿದ್ದಿಲ್ಲ, ಕೈ ತಾನೇ ಹಿಂದ ಬಂತು. ಮಾಲಕರ ಮನಿಯವರು ಅಮಾಸಿಗೆ ನಾಲವಾರ ಮಠಕ್ಕ ಹೊಂಟ್ರ ನನ್ನೂ ಕರೀತಿದ್ರು, ಸಂಗಟ ಹೋಗಿ ಗಾಡ್ಯಾಗ ಶೇಂಗಾ ತಿಂತಾ ಬರತಿದ್ವಿ. ತಲಿನೋವು ಅಂದೆ, ಹೊಲಿಗಿ ಭಾಳ ಅದ ಅಂದೆ, ಹಂಗೇ ಅಮಾಸಿ ಮ್ಯಾಲ ಅಮಾಸಿ ತಪ್ಪಿಸಿದೆ. ಕಡಿಗೆ ಆಯಿ, "ಈಕಿಗೆ ಸೊಕ್ಕು ಬಂದದ" ಅಂತ ಗ್ವಾಡಿಗೆ ಹೇಳೋರಂಗ ನನಗ ಕೇಳಿಸೋ ಹಂಗ ಅಂದ್ಲು. ಕರಿಯೋದು ಬಿಟ್ರು. ಆವಾಗ ನನಗ ಹೊಳೀತು, ನನಗ ಛಪ್ಪರ ಯಾರೂ ಕಟ್ಟಿಕೊಟ್ಟಿಲ್ಲ, ನಾನೇ ಹೊತ್ಕೊಂಡು ತಿರಗಲಿಕತ್ತೀನಿ. ನಿಂತ ಮ್ಯಾಲ ಒಳಗ ಬರಬೇಕು. ನಂದೂ ನಿಲ್ಲವಲ್ದು.

ಯಾರಿಗಾದ್ರೂ ಹೇಳಬೇಕು ಅಂತ ಚಿಂಚೋಳಿ ಕಡೆ ತವರಿಗೆ ಹೋದೆ, ತಮ್ಮನ ಮನಿಗೆ. ಈಗ ಅಲ್ಲಿ ಛಪ್ಪರ ಇಲ್ಲ, ಆ ಜಾಗಾದಾಗ ಮೋಟರ್ ಸೈಕಲ್ ನಿಲ್ಲಸತಾರ. ತಮ್ಮನ ಹೇಣ್ತಿ ಒಳ್ಳೇಕಿ, ಆಕಿ ಮುಂದ ಬಾಯಿ ಬಿಡಬೇಕು ಅಂತ ಬಸ್ಸಿನಾಗ ಮಾತು ಕೂಡಿಸಿಕೊಂಡೇ ಹೋಗಿದ್ದೆ. ನಾ ಚಪ್ಪಲಿ ಬಿಡೋದ್ರಾಗ ಆಕಿ ಓಡಿ ಬಂದ್ಲು. "ದೇವರು ಕಳಸಿದಂಗ ಬಂದೀರಿ ಅಕ್ಕಾರ! ಇವತ್ತು ನೈವೇದ್ಯ ಅದ, ನಾ ಮುಂಜಾನೆ ಹೊರಗಾಗಿ ಕುಂತೀನಿ. ನಿಮ್ಮದೆಲ್ಲಾ ಮುಗದದ, ನೀವು ಪುಣ್ಯವಂತರು. ಹೋಳಿಗಿ ನೀವೇ ಮಾಡಿ ದೇವರ ಮುಂದ ಇಡ್ರಿ."

ಛಪ್ಪರ ಹೋದ್ರೂ ದೇವರ ಖೋಲಿ ಹೊಸ್ತಿಲಾ ಹೋಗಿಲ್ಲ. ಆಕಿ ಪಡಸಾಲಿಯಾಗ ಕುರ್ಚಿ ಮ್ಯಾಲ ಕುಂತು ಟಿವಿ ನೋಡತಾ, ಬ್ಯಾಳಿ ಕುದ್ದದೇನ್ರಿ ಅಕ್ಕಾರ, ಬೆಲ್ಲ ಹಾಕಿದ್ರೇನ್ರಿ ಅಂತ ಕೇಳೋದು. ನಾ ಒಳಗ ಮಡಿ ಉಟ್ಕೊಂಡು ಹೂರಣ ರುಬ್ಬೋದು, ಕಾಲಾಗ ಬಿಸಿ ಇಳೀಲಿಕತ್ತದ. ಹ್ಯಾಂಗ ಹೇಳಲಿ? ಮೊದಲು ಹೇಳಿದ್ರ ನೈವೇದ್ಯ ಕೆಡತದ, ಆಮ್ಯಾಲ ಹೇಳಿದ್ರ ಮೈಲಿಗಿ ಮಾಡಿಟ್ಟಾಳ ಅಂತಾರ. ಹೋಳಿಗಿ ತಟ್ಟಿದೆ, ದೇವರ ಮುಂದ ಇಟ್ಟೆ, ಕೈ ಮುಗದೆ. ದೇವರು ಏನೂ ಅನ್ನಲಿಲ್ಲ. ಹೋಳಿಗಿ ಚಲೋ ಆಗಿದ್ವು ಅಂತ ತಮ್ಮ ಎರಡು ಜಾಸ್ತಿ ತಿಂದ. ಹೇಳಬೇಕಂದ ಮಾತು ಹಂಗೇ ಕಟ್ಟಿಕೊಂಡು ಮರುದಿನ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ಅತ್ತೆ. ಬಾಜೂಕ ಕುಂತಾಕಿ ತವರು ಬಿಟ್ಟು ಹೊಂಟಾಳ ಅಂತ ತಿಳಕೊಂಡು ತಾನೂ ಕಣ್ಣೊರಸಿಕೊಂಡಳು.

ಇನ್ನ ಶಹಾಬಾದದ ಚಾಚಿ. ಬಜಾರದಾಗ ಆಕೀದೊಂದು ಬಳಿ ಅಂಗಡಿ ಅದ, ಬಳಿ, ರಿಬ್ಬನ್, ಲೇಸ್, ಹುಕ್ಕು, ಸಂಗಟ ಪ್ಯಾಡೂ ಇಡತಾಳ. ಎಪ್ಪತ್ತರ ಹತ್ತಿರದಾಕಿ, ಮೂಗಿನ ಮ್ಯಾಲ ಕನ್ನಡಕ, ಗಂಡ ಇಲ್ಲ, ಹೆಣ್ಣುಮಕ್ಕಳು ಮದುವಿ ಆಗಿ ಹೋಗ್ಯಾರ. ಗಂಡ ಸತ್ತಾಕಿ ಬಳಿ ಅಂಗಡಿ ಮೆಟ್ಟಲಾ ಹತ್ತೋದು ನಮ್ಮಲ್ಲಿ ರೂಢಿ ಇಲ್ಲ. ನಾನೂ ಹುಕ್ಕು, ಲೇಸ್ ಬೇಕಾದ್ರ ಕೆಳಗ ನಿಂತೇ ಕೇಳತಿದ್ದೆ. ಮೊದಲನೇ ಸರ್ತಿ ಪ್ಯಾಡ್ ಕೇಳಿದಾಗ, "ಮಗಳಿಗೆ" ಅಂತ ನಾನೇ ಮೊದಲು ಹೇಳಿಬಿಟ್ಟೆ, ರೂಢಿ ಆಗಿತ್ತು. ಪೇಪರಿನಾಗ ಸುತ್ರಿ ಚಾಚಿ ಅಂದ್ರ, "ಪೇಪರ್ ಯಾಕ ಬಾಯಿ, ಶರಾಬಾ ಇದು?" ಅಂತ ಹಂಗೇ ಕೈಗೆ ಕೊಟ್ಟಳು. ನಾ ಸೆರಗಿನಾಗ ಮುಚ್ಚಿಕೊಂಡೆ. ಆಕಿ ನಕ್ಕಳು.

ಚಾಚಿ ಕೇಳೋದು ಬ್ಯಾರೆಯವರು ಕೇಳಿದಂಗಲ್ಲ. ಮಗಳು ಏನು ಓದತಾಳ ಅಂತ ಕೇಳಲಿಲ್ಲ. "ಉಣ್ಣತಾಳೇನು ಬರಾಬರ್? ಹೊಟ್ಟಿ ನೋವಂತಾಳೇನು?" ಅಂತಿದ್ದಳು. ಆಕಿ ಒಬ್ಬಾಕಿ ಹಂಗ ಕೇಳತಿದ್ದಳಂತ ನಾ ಬ್ಯಾರೆ ಊರು ಬಿಟ್ಟು ಶಹಾಬಾದಕ್ಕೇ ಹೋಗಲಿಕ್ಕ ಹತ್ತಿದೆ. ಸಂಶಯ ಬಂದ್ರ ಬರಲಿ ಅಂತ ಅನಸಲಿಕ್ಕೂ ಹತ್ತಿತ್ತು. ಮೆಟ್ಟಲಾ ಹತ್ತಿ ಒಳಗ ಕುಂದ್ರತಿದ್ದೆ. ಮಗಳಿಗೆ ಹೊಟ್ಟಿ ನೋವದ ಚಾಚಿ, ರಾತ್ರಿ ನಿದ್ದಿ ಬರಂಗಿಲ್ಲ ಆಕಿಗೆ, ಉಣ್ಣಂಗಿಲ್ಲ ಸರಿಯಾಗಿ, ಒಬ್ಬಾಕೇ ಅಂಜತಾಳ ಅಂತ ಎಲ್ಲಾ ಹೇಳತಿದ್ದೆ. ಹೇಳಿದ್ರ ಹಗರ ಆಗತಿತ್ತು. ಒಮ್ಮೆ ಚಾಚಿ ಹಸರು ಬಳಿ ತೆಗೆದು, "ಹಬ್ಬಕ್ಕ ಹುಡುಗಿಗೆ ಹಾಕು, ನಂದು ಅಂತ ಹೇಳು, ಅಳತಿ ಏನಾಕೀದು?" ಅಂದ್ಲು. ನಾ ಬೋಳು ಕೈ ಮುಂದ ಮಾಡಿ, "ನನ್ನಷ್ಟೇ" ಅಂದೆ. ಆ ಅಳತಿದು ಇಲ್ಲ, ಆಮ್ಯಾಲ ತರಸತೀನಿ ಅಂದ್ಲು.

ಚಿಂಚೋಳಿಯಿಂದ ಬಂದ ವಾರವೇ ಮತ್ತ ಆಕಿ ಅಂಗಡಿಗೆ ಹೋಗಿ ಪ್ಯಾಕೆಟ್ ಕೇಳಿದೆ. ಚಾಚಿ ಕಪಾಟಿಗೆ ಕೈ ಹಾಕಿದಾಕಿ ಹಾಕಿದಲ್ಲೇ ನಿಂತ್ಲು.

"ಮೊನ್ನೆ ಒಯ್ದಿಯಲ್ಲ?"

"ಮುಗೀತು ಚಾಚಿ."

"ಅದರ ಹಿಂದಿನ ವಾರಾನೂ ಒಯ್ದಿ. ಯಾ ಅಲ್ಲಾ, ಹುಡುಗೀದು ನಿಂತೇ ಇಲ್ಲೇನು?"

ಇಲ್ಲ ಅಂತ ತಲಿ ಅಲ್ಲಾಡಿಸಿದೆ.

ಚಾಚಿ ಪ್ಯಾಕೆಟ್ ಕೊಡಲಿಲ್ಲ. ನನಗ ಬೈಲಿಕ್ಕೆ ನಿಂತ್ಲು, ಬಜಾರ ಕೇಳೋ ಹಂಗ. "ಎಂಥಾ ತಾಯಿ ನೀನು? ರಕ್ತ ಹರೀಲಿಕತ್ತದ, ನೀ ಪ್ಯಾಡ್ ತಗೊಂಡು ಹೋಗಿ ಹೋಗಿ ಕೊಡಲಿಕತ್ತಿ? ಇದೇನು ಬಚ್ಚಲ ಸೋರೋದಾ, ಬಟ್ಟಿ ತುರುಕಿ ಮುಚ್ಚಲಿಕ್ಕ? ಹೆಣ್ಣು ಅಂದ್ರ ಹಿಂಗೇ ಇರತದ ಅಂತ ಸುಮ್ಮ ಕುಂತೀಯೇನು? ಜೀವ ಹೋಗತದ ತಿಳೀತಾ, ಹುಡುಗಿ ಜೀವ ಹೋಗತದ!"

ನನ್ನ ಜೀವಮಾನದಾಗ ಯಾರೂ ನನ್ನ ಸಲುವಾಗಿ ಹಂಗ ಒದರಿದ್ದಿಲ್ಲ. ಆಕಿ ಬೈಯ್ಯಲಿಕತ್ತಿದ್ದಳು, ನಾ ಒಳಗೊಳಗ ಇನ್ನ ಬೈ, ಇನ್ನ ಬೈ ಅಂತಿದ್ದೆ. ಬಜಾರದ ಆ ಕಡೆ ಲೇಡಿ ಡಾಕ್ಟರ್ ಇದ್ದಾರ, ಸೋಮವಾರ ಮುಂಜಾನೆ ಮಗಳನ್ನ ಕರಕೊಂಡು ಬಾ, ನಾ ಅಂಗಡಿ ಮುಚ್ಚಿ ಬಂದು ನಿಲ್ಲತೀನಿ, ಬರದಿದ್ರ ನಿನ್ನ ಮುಖ ತೋರಸಬ್ಯಾಡ ಅಂದ್ಲು. ಆಮ್ಯಾಲ ಪ್ಯಾಕೆಟ್ ಕೊಟ್ಟಳು.

ಸೋಮವಾರತನಾ ನನ್ನ ತಲ್ಯಾಗ ಒಂದೇ ಮಾತು. ಹೋಗದಿದ್ರ ದೊಡ್ಡವ್ವನ ಗೋಣಿಚೀಲ. ಹೋದ್ರ ಆ ಹುಡುಗಿನ್ನ ಎಲ್ಲಿಂದ ತರಲಿ? ಮಗಳನ್ನ ಊರಿಗೆ ಕಳಸೀನಿ ಅಂತ ಹೇಳಲ್ಯಾ, ಆರಾಮ ಆಗ್ಯಾಳ ಅಂತ ಹೇಳಲ್ಯಾ? ಮುಂಜಾನೆ ಗಾಡಿ ಹತ್ತಿದೆ. ಕಾಗಿಣಾ ಸೇತುವಿ ಬಂದಾಗ ಕೆಳಗ ನೀರು ನೋಡತಾ, ಇಲ್ಲಿತನಾ ಬಂದಿ, ಇನ್ನ ಇಳಿಯವ್ವ ಅಂತ ನನ್ನ ಮಗಳಿಗೆ ಹೇಳಿದೆ. ಅಳು ಬಂತು. ಇಲ್ಲದಾಕಿ ಸಲುವಾಗಿ ಅಳತಾರೇನು ಅಂದ್ರ, ಅತ್ತೆ ನಾನು. ನನ್ನ ರೋಗಕ್ಕೂ ಅಷ್ಟು ಅತ್ತಿದ್ದಿಲ್ಲ.

ದವಾಖಾನಿ ಮುಂದ ಚಾಚಿ ಆಗಲೇ ಬಂದು ನಿಂತಿದ್ದಳು, ಬುರ್ಖಾ ಹಾಕ್ಕೊಂಡು, ಕೈಯಾಗ ಚೀಲ. ಚೀಲದಾಗ ಬಾಳಿಹಣ್ಣು, ಬಿಸ್ಕಿಟ್, ಪೇಪರಿನಾಗ ಸುತ್ತಿದ ಹಸರು ಬಳಿ. ನನ್ನ ಹಿಂದ ನೋಡಿದ್ಲು, ಹಾದಿ ಕಡೆ ನೋಡಿದ್ಲು.

"ಮಗಳೆಲ್ಲಿ?"

"ಬಂದಾಳ ಚಾಚಿ."

"ಎಲ್ಲಿ?"

"ನಾನೇ. ಮಗಳಿಲ್ಲ ನನಗ. ಎಲ್ಲಾ ನಂದೇ."

ಚಾಚಿ ಕನ್ನಡಕ ತೆಗೆದು ನನ್ನ ಮುಖ ನೋಡಿದ್ಲು, ಮತ್ತ ಹಾಕ್ಕೊಂಡಳು. ಸಿಟ್ಟಿಗೆದ್ದಳು. "ಇಷ್ಟು ದಿನ ನನಗ ಸುಳ್ಳು? ನಾ ಆ ಹುಡುಗಿ ಸಲುವಾಗಿ ಐದು ಹೊತ್ತು ದುವಾ ಮಾಡಲಿಕತ್ತಿದ್ದೆ! ಯಾರಿಗೆ ಹೋತು ಆ ದುವಾ?"

"ನನಗೇ ಬಂತೇನೋ ಚಾಚಿ" ಅಂದೆ.

ಆಕಿ ಒಳಗ ಹೋಗಿ ಬೆಂಚಿನ ಮ್ಯಾಲ ಆ ತುದಿಗೆ ಕುಂತ್ಲು, ನಾ ಈ ತುದಿಗೆ ಕುಂತೆ. ನಡುವ ಇಬ್ಬರು ಬಸುರಿ ಹುಡುಗ್ಯಾರು ಬಂದು ಕುಂತ್ರು. ಆಕಿ ಎದ್ದು ಹೋಗತಾಳ, ಹೋಗಬೇಕಾದ್ದೇ, ಅಂತ ನಾ ನೆಲಾ ನೋಡತಾ ಕುಂತಿದ್ದೆ. ನನ್ನ ಪಾಳಿ ಬಂತು. ನರ್ಸಬಾಯಿ ಬಾಗಲಾದಾಗ ನಿಂತು ನನ್ನ ಹೆಸರು ಕರದ್ಲು, ಎದ್ದೆ.

"ಸಂಗಟ ಯಾರು ಬಂದೀರಿ?"

ಅದೇ ಪ್ರಶ್ನಿ. ಹಿಂದ ಬೆಂಚು ಕಿರ್ ಅಂತು.

"ನಾ ಬಂದೀನಿ."

ನರ್ಸಬಾಯಿ ನನ್ನ ಹೆಸರು ಬರದಿದ್ದ ಚೀಟಿ ಒಮ್ಮೆ ನೋಡಿದ್ಲು, ಚಾಚಿ ಬುರ್ಖಾ ಒಮ್ಮೆ ನೋಡಿದ್ಲು. "ನಿಮಗ ಏನಾಗಬೇಕ್ರಿ ಇವರು?"

"ಮಗಳು" ಅಂದ್ಲು ಚಾಚಿ, ಇನ್ನ ಸಿಟ್ಟಿನಾಗೇ ಇದ್ದಳು. "ನನ್ನ ಮಗಳು. ಭಾಳ ಸುಳ್ಳು ಹೇಳತಾಳ, ಬರಾಬರ್ ನೋಡ್ರಿ ಅಂತ ಡಾಕ್ಟರ್ ಬಾಯಿಗೆ ಹೇಳ್ರಿ."

ಡಾಕ್ಟರ್ ಬಾಯಿ ನೋಡಿದ್ರು. ಹೊಟ್ಟಿ ಸ್ಕ್ಯಾನ್ ಮಾಡಿಸಿದ್ರು, ಒಳಗಿಂದ ಒಂದು ತುಣುಕು ತೆಗೆದು ತಪಾಸಣಿಗೆ ಕಳಸಿದ್ರು. ಗರ್ಭದ ಚೀಲದಾಗ ಕೆಟ್ಟದ್ದು ಸುರುವಾಗ್ಯಾದ, ಹೊರಗ ಹಬ್ಬಿಲ್ಲ, ಈಗ ತೆಗೆದ್ರ ಉಳೀತೀರಿ, ಇನ್ನ ಬಚ್ಚಿಟ್ಟಿದ್ರ ನಾ ಏನೂ ಮಾಡಲಿಕ್ಕೆ ಆಗತಿದ್ದಿಲ್ಲ ಅಂತ ಮುಖ ನೋಡಿ ಹೇಳಿದ್ರು. ಕಲಬುರಗಿ ದೊಡ್ಡ ದವಾಖಾನಿಯಾಗ ಆಪರೇಷನ್ ಆತು. ಒಂದು ಕೂಸನ್ನೂ ಹೊರಲಾರದ ಚೀಲ, ಹೋತು. ಖಬರ ಬಂದು ಕಣ್ಣು ತೆರೆದಾಗ ಚಾಚಿ ಕಾಲಕಡೆ ಸ್ಟೂಲಿನ ಮ್ಯಾಲ ಕುಂತು ಮೋಸಂಬಿ ಸುಲೀಲಿಕತ್ತಿದ್ದಳು. ಬೀಜ ತೆಗೆದು ನನ್ನ ಬಾಯಾಗಿಟ್ಟಳು. ಹುಳಿ ಇತ್ತು. ಅಂಥಾ ಹಣ್ಣು ನಾ ತಿಂದಿದ್ದಿಲ್ಲ.

ಈಗ ಗಿರಾಕಿಗಳ ಅಳತಿ ತಗೊಳ್ಳುವಾಗ, ವಯಸ್ಸಾದ ಹೆಣ್ಣುಮಕ್ಕಳಿದ್ರ, ಟೇಪ್ ಸುತ್ತಿ ಹಿಡದಿದ್ದಾಗಲೇ ಕೇಳಿಬಿಡತೀನಿ, ನಿಂತ ಮ್ಯಾಲ ಮತ್ತ ಏನರೇ ಕಾಣಿಸ್ಯಾದೇನ್ರಿ ಅಂತ. ಟೇಪಿನಾಗ ಸಿಕ್ಕೊಂಡಿರತಾರ, ಓಡಿ ಹೋಗಲಿಕ್ಕೆ ಬರಂಗಿಲ್ಲ. ಕೆಲವರು ಬೈತಾರ. ಆಯಿ ಮಾತ್ರ ಎಲ್ಲಾ ಕೇಳಿಸಿಕೊಂಡು, "ಹಗ್ಗದ ಮ್ಯಾಲೇ ಹಾಕಬೇಕಿತ್ತಲ್ಲವ್ವ, ನಾ ಏನಂತಿದ್ದೆ" ಅಂದ್ಲು. ಏನಂತಿದ್ದಳು ಅಂತ ಆಕಿಗೂ ಗೊತ್ತು, ನನಗೂ ಗೊತ್ತು.

ದೀಪ ಹಚ್ಚತೀನಿ. ಒಬ್ಬಾಕಿ ಸಲುವಾಗಿ ಹಂಚು ಕಾಯಿಸತೀನಿ. ಸಂಜಿಗೆ ಕೀಲಿ ತೆಗೆದ್ರ ಖೋಲಿ ಅದೇ ಖೋಲಿ, ಕತ್ತಲಿ ಅದೇ ಕತ್ತಲಿ, ಅದು ಆಪರೇಷನ್ನಿಗೆ ಹೋಗೋದಲ್ಲ. ಆದ್ರ ಲೇಸ್ ಬೇಕಿರಲಿ ಬಿಡಲಿ, ಶಹಾಬಾದಕ್ಕ ಹೋಗತೀನಿ, ಕೈ ತುಂಬ ಹಸರು ಬಳಿ ಹಾಕ್ಕೊಂಡು. ಮೆಟ್ಟಲಾ ಹತ್ತಿ ಒಳಗ ಕುಂದ್ರತೀನಿ. ಅಂಗಡಿ ತುಂಬ ಗಿರಾಕಿ ಇದ್ರೂ ಚಾಚಿ ಕನ್ನಡಕದ ಮ್ಯಾಲಿಂದ ನೋಡಿ ಅದೇ ಮಾತು ಕೇಳತಾಳ.

"ಮಗಳು ಹ್ಯಾಂಗಿದ್ದಾಳ? ಉಂಡಾಳೇನು ಬರಾಬರ್?"

"ಆರಾಮ ಇದ್ದಾಳ ಚಾಚಿ" ಅಂತೀನಿ. "ಉಂಡಾಳ."